ಟೊಂಗೆ ಕಟ್ಟಿದ ಸೈಕಲ್ಲು

ಬೀದಿಯಲ್ಲಿ ಯಾರಾದರೂ ಹಸಿ ಟೊಂಗೆ ಎಳೆದುಕೊಂಡು ಹೋದರೆ, ಆ ಸೊಪ್ಪು-ಧೂಳಿನ ವಾಸನೆಗೆ ಇಂದಿಗೂ ನನ್ನ ಬೆರಳುಗಳು ಬಿಗಿಯುತ್ತವೆ.

ಮೋಟಾರು ಅಪರೂಪವಾಗಿದ್ದ ಕಾಲ. ಆಯಿ ಹೆರಿಗೆಗೆಂದು ಅಳಿವೆಯ ಬಳಿಯ ತವರಿಗೆ ಹೋಗಿದ್ದಳು. ಅವಳನ್ನು ನೋಡಲು ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಅರಬೈಲ್ ಘಟ್ಟ ಇಳಿಯತೊಡಗಿದ. ಬ್ರೇಕು ಸಾಲದೆಂದು, ಎಲ್ಲರೂ ಮಾಡುವಂತೆ, ಹಿಂದೆ ಸೊಪ್ಪಿನ ಟೊಂಗೆಯೊಂದನ್ನು ಕಟ್ಟಿದ್ದ. ಅದು ನೆಲಕ್ಕೆ ಉಜ್ಜುತ್ತ ಓಟವನ್ನು ತಡೆಯುತ್ತಿತ್ತು.

ಮೂರನೇ ತಿರುವಿನಲ್ಲಿ ಹಗ್ಗ ಕಡಿಯಿತು. ಉಜ್ಜುವ ಸದ್ದು ನಿಂತು, ಗಾಳಿಯ ಸದ್ದಷ್ಟೇ ಉಳಿಯಿತು.

"ಹೆದ್ರಡ ಕೂಸೆ, ಎಂತೂ ಆಗ್ತಿಲ್ಲೆ," ಎನ್ನುತ್ತ ಅಪ್ಪ ಬರಿಗಾಲನ್ನು ಮುಂದಿನ ಚಕ್ರಕ್ಕೆ ಒತ್ತಿ ಹಿಡಿದ. ಅವನ ಎದೆಬಡಿತ ನನ್ನ ಬೆನ್ನಿಗೆ ತಾಗುತ್ತಿತ್ತು.

ಘಟ್ಟದ ಬುಡದಲ್ಲಿ ಸೈಕಲ್ಲು ನಿಂತಿತು.

"ಆಯಿಗೆ ಹೇಳಡ. ಇನ್ನು ಹೊಳೆ ನೋಡ್ತಾ ನೆಡ್ಕಂಡು ಹೋಪನ," ಎಂದ.

ಮುಂದೆ ಅಳಿವೆಯವರೆಗೂ ಒಂದು ಗಾಡಿಯೂ ಇಲ್ಲದ ಸಪಾಟು ರಸ್ತೆ. ಕತ್ತಲಾಗಿ ಹೊಳೆ ಕಾಣದಾದರೂ ಅಪ್ಪ ಮತ್ತೆ ಸೈಕಲ್ಲು ಹತ್ತದೆ, ಕುಂಟುತ್ತ ತಳ್ಳುತ್ತಲೇ ಇದ್ದ.