ಮೇಲಿನ ಪಟ್ಟಿಯ ಹೆಸರು

ಮತ ಎಣಿಕೆಯ ಕೊನೆಯ ಸುತ್ತಿನಲ್ಲೂ ಪರದೆಯಲ್ಲಿ ಎಲ್ಲಕ್ಕಿಂತ ಮೇಲೇರಿದ ಬಣ್ಣದ ಪಟ್ಟಿಯ ಪಕ್ಕ ‘ಮಲಂಗಸಾಬ’ ಎಂದು ಕಂಡದ್ದೇ ತಡ, ರಾಯಚೂರಿನ ತರಕಾರಿ ವ್ಯಾಪಾರಿಗಳ ಸಂಘದ ಸಭಾಂಗಣದಲ್ಲಿ ಹಲಗೆ ಬಡಿತದ ಸದ್ದು ಶುರುವಾಯಿತು. ಚುನಾವಣಾಧಿಕಾರಿ ಮೈಕಿನಲ್ಲಿ ಕೊನೆಯ ಸುತ್ತಿನ ಮತ ಓದುತ್ತಲೇ ಇದ್ದರು. ಎದುರಿಗೆ ಅಷ್ಟು ದೊಡ್ಡ ಪರದೆ ಕುಣಿಯುವಾಗ ಪಾಪ, ಅವರ ಮಾತು ಯಾರಿಗೆ ಬೇಕು?

ಎದುರಾಳಿ ಉಮಾದೇವಿಗಾಗಿ ತಿಂಗಳಿಡೀ ಪ್ರಚಾರದಲ್ಲಿ ಗಂಟಲು ಹರಿದುಕೊಂಡಿದ್ದ ಖಾಜಾ, ಆಕೆಗೆಂದೇ ತಂದ ಹಾರವನ್ನು ಎತ್ತಿಕೊಂಡು ಓಡಿಬಂದು ಮಲಂಗಸಾಬರ ಕೊರಳಿಗೆ ಹಾಕಿದ. “ಮೊದ್ಲಿಂದಾನೂ ನಾ ನಿಮ್ಮ ಕಡಿಯಾವನೇ ರೀ ಚಾಚಾ!” ಎಂದ. ನಾಚಿಕೆ ಅವನ ಓಣಿಯ ಕಡೆ ಸುಳಿದದ್ದೇ ಇಲ್ಲ.

ಮೈಕಿನ ಲೆಕ್ಕ ಕೇಳಿದ ಗುಲ್ಫಶಾಳಿಗೆ ಮಾತ್ರ ತಪ್ಪು ಹೊಳೆಯಿತು. ಮಾನ್ವಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅವಳೇ ಈ ಕುಣಿಯುವ ಪಟ್ಟಿಗಳನ್ನು ತಯಾರಿಸಿದವಳು. ಮಲಂಗಸಾಬರ ಮಗಳೂ ಅವಳೇ. ಹೆಚ್ಚು ಮತ ಬಂದವರ ಪಟ್ಟಿ ಮೇಲೇರಬೇಕು, ಏರಿತ್ತು. ಆದರೆ ಪಕ್ಕದ ಹೆಸರುಗಳು ಮೊದಲ ಸುತ್ತಿನಲ್ಲಿ ಕೂತ ಜಾಗ ಬಿಟ್ಟು ಕದಲಿರಲಿಲ್ಲ. ಮೇಲಿನ ಪಟ್ಟಿ ಈಗ ಉಮಾದೇವಿಯದು, ಹೆಸರು ಮಾತ್ರ ಅಬ್ಬಾನದು. ಪ್ರೋಗ್ರಾಮಿನಲ್ಲಿ ಪ್ರತಿ ಸುತ್ತಿಗೂ ಹೆಸರನ್ನು ಬದಲಿಸುವ ಒಂದು ಸಾಲು ಬರೆಯುವುದನ್ನೇ ಅವಳು ಮರೆತಿದ್ದಳು. ಮನೆಯಲ್ಲಿ ಸುಳ್ಳು ಮತ ತುಂಬಿ ಪರೀಕ್ಷಿಸಿದಾಗಲೆಲ್ಲ ಅಬ್ಬಾನನ್ನೇ ಗೆಲ್ಲಿಸಿದ್ದಳು. ಅವರನ್ನು ಸೋಲಿಸಲು ಕೈ ಬಂದಿರಲಿಲ್ಲ, ಹಾಗಾಗಿ ತಪ್ಪೂ ಕಂಡಿರಲಿಲ್ಲ.

ಜನರನ್ನು ತಳ್ಳಿಕೊಂಡು ಹೋಗಿ ಅಪ್ಪನ ಕಿವಿಯಲ್ಲಿ ಹೇಳಿದಳು: “ಅಬ್ಬಾ, ಹಾರ ತೆಗೀರಿ. ಗೆದ್ದಾಕಿ ಉಮಾದೇವಿ. ತಪ್ಪು ನಂದು.”

“ಒಂದ್ ಫೋಟೋ ಆಗ್ಲಿ ತಡಿ ಬೇಟಿ.”

“ಮಗಳು ಮೋಸ ಮಾಡಿ ಅಪ್ಪನ್ನ ಗೆಲ್ಸಿದ್ಲು ಅಂತಾರ. ನಾಳಿ ಕಾಲೇಜಿನ್ಯಾಗ ಮಾರಿ ಹ್ಯಾಂಗ ತೋರಿಸ್ಲಿ?”

ಮಲಂಗಸಾಬರ ಮುಖ ಸಣ್ಣದಾಯಿತು. ನೋಡಿ ಅವಳಿಗೆ ಅಳುವೇ ಬಂತು. “ಹೋಗು, ಲಗೂನ ಸರಿ ಮಾಡು,” ಎಂದು ಅವರೇ ಅವಳ ಬೆನ್ನು ತಟ್ಟಿದರು.

ಗುಲ್ಫಶಾ ಆ ಸಾಲನ್ನು ಬರೆದು ಪ್ರೋಗ್ರಾಮನ್ನು ಮತ್ತೆ ಓಡಿಸಿದಳು. ಎಲ್ಲರ ಕಣ್ಣೆದುರೇ ‘ಮಲಂಗಸಾಬ’ ಕೆಳಗಿಳಿಯಿತು, ‘ಉಮಾದೇವಿ’ ಮೇಲೇರಿತು. ಹಲಗೆಯವರು ಬಡಿತವನ್ನೂ ನಿಲ್ಲಿಸಲಿಲ್ಲ, ಉಮಾದೇವಿಯ ಕಡೆ ಮುಖ ತಿರುಗಿಸಿದರು, ಅಷ್ಟೆ. ಖಾಜಾ ಮಲಂಗಸಾಬರ ಕೊರಳಿಂದ ಹಾರ ಕಿತ್ತುಕೊಂಡು ಓಡಿ ಆಕೆಯ ಕೊರಳಿಗೆ ಹಾಕಿದ. “ನೀವೇ ಗೆಲ್ತೀರಿ ಅಂತ ನಂಗ ಗೊತ್ತಿತ್ತು ಅಕ್ಕಾರ!”

ಉಮಾದೇವಿ ಹಾರವನ್ನು ಎತ್ತಿ ಮೂಸಿ ನೋಡಿದಳು.

“ಹೌದೇನಲೇ ಖಾಜಾ? ಮತ್ತ ಮಲ್ಲಿಗಿ ಒಳಗ ಮಲಂಗಸಾಬರ ಅತ್ತರಿನ ವಾಸನಿ ಬರಾಕತ್ತೈತಲ್ಲ!”