ಗವಾಕ್ಕೆ ಶ್ರದ್ಧಾಂಜಲಿ

ಮಹಾರಾಷ್ಟ್ರದ ಗಡಿಯ ಕೋವಾಡದ ಆಚೆ ಧೋಂಡಿಬಾನ ಕಬ್ಬಿನ ಹೊಲದೊಳಗೆ ಒಂದು ಕಾಡುಕೋಣ ಹೊಕ್ಕು ಮಲಗಿತ್ತು. ಗಡಹಿಂಗ್ಲಜದಿಂದ ಅರಣ್ಯ ರಕ್ಷಕಿ ಸಾರಿಕಾ ಬಂದು ಗಾಡಿ ನಿಲ್ಲಿಸುವಷ್ಟರಲ್ಲಿ ಬದುವಿನ ತುಂಬ ಜನ ಸೇರಿ, "ಗವಾ! ಗವಾ!" ಎಂದು ಅದರ ಮರಾಠಿ ಹೆಸರು ಹಿಡಿದು ಕೂಗಾಡುತ್ತಿದ್ದರು. ಅವಳು ಬಗ್ಗಿ ಕಬ್ಬಿನ ಸಾಲುಗಳ ನಡುವೆ ನೋಡಿದಳು. ಒಂಟಿ ಗಂಡು. ಎಣ್ಣೆ ಸವರಿದಂಥ ಕರಿ ಮೈ, ಮೊಣಕಾಲ ಕೆಳಗೆ ಬಿಳಿ. ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

"ದಾರಿ ತಪ್ಪಿ ಬಂದೈತಿ," ಎಂದಳು ಸಾರಿಕಾ. "ಸಂಜಿ ಆತಂದ್ರ ತಾನಾ ತಿರುಗಿ ಗುಡ್ಡಕ್ಕ ಹೋಗತೈತಿ. ಎಲ್ಲಾರೂ ಮನೀಗೆ ನಡೀರಿ."

"ಕಬ್ಬ ತುಳದ್ರ ತುಳೀಲಿ ಬಿಡ್ರಿ, ಮತ್ತ ಚಿಗೀತೈತಿ. ಮಕ್ಕೊಳ್ಳಲಿ ಪಾಪ," ಎಂದ ಧೋಂಡಿಬಾ.

ತರುಣ ಮಂಡಳದ ಅಧ್ಯಕ್ಷ ಅಮೋಲ ಮುಂದೆ ಬಂದ. ಕೆಟ್ಟ ಹುಡುಗನಲ್ಲ. ಊರಲ್ಲಿ ಯಾರಿಗೆ ಮೈಯಲ್ಲಿ ನೆಟ್ಟಗಿಲ್ಲದಿದ್ದರೂ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸುವವನು ಅವನೇ. "ಮ್ಯಾಡಂ, ನಮ್ಮವ್ವ ಆ ಕಡೆ ಹೊಲದಾಗ ಕಸಾ ತಗ್ಯಾಕ ಹೋಗ್ಯಾಳ. ಇದು ಎದ್ದು ಹಾಯ್ದ್ರ ಯಾರ ಜವಾಬ್ದಾರಿ? ನಾವ ಗುಡ್ಡದ ಕಡೆ ಓಡಸ್ತೀವಿ."

"ಓಡಸಬ್ಯಾಡ ತಮ್ಮಾ. ಮೈ ಅಷ್ಟ ದೊಡ್ಡದು, ಜೀಂವ ಭಾಳ ಅಂಜುಬುರುಕ. ಬೆನ್ನ ಹತ್ತಿದ್ರ ಎದಿ ಒಡದು ಸಾಯತೈತಿ. ನಿಮ್ಮವ್ವಗ ಈ ಕಡೆ ಬರಬ್ಯಾಡಂತ ಫೋನ್ ಮಾಡು."

ಅಮೋಲ ಫೋನು ತೆಗೆದ. ಸಾರಿಕಾ ಕೊಲ್ಹಾಪುರದಿಂದ ಹೊರಟಿದ್ದ ಇಲಾಖೆಯ ರಕ್ಷಣಾ ತಂಡದವರಿಗೆ ದಾರಿ ಹೇಳುತ್ತ ಜನರಿಗೆ ಬೆನ್ನು ತಿರುಗಿಸಿದಳು. ಆಗಲೇ ಯಾರೋ ಪಟಾಕಿ ಹಚ್ಚಿ ಕಬ್ಬಿನೊಳಗೆ ಎಸೆದರು. ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಕಬ್ಬು ಮುರಿದು ಬೀಳುವ ಸದ್ದು ಮೊದಲು ಕೇಳಿತು. "ಆಲಾ ರೇ ಆಲಾ! ಬಂತೋ ಬಂತು!" ಎಂದು ಜನ ಚೆದುರಿ, ಕೋಣ ತಮ್ಮ ಮೇಲೆ ಬರುತ್ತಿಲ್ಲ, ಓಡಿಹೋಗುತ್ತಿದೆ ಎಂದು ತಿಳಿದ ಕೂಡಲೇ ಮತ್ತೆ ಒಂದುಗೂಡಿ ಅದರ ಹಿಂದೆ ಬಿದ್ದರು. ಮೋಟರ್‌ಸೈಕಲ್ಲುಗಳು ಹೊರಟವು. ಅಮೋಲನೂ ಹೊರಟ. ಕೋಣ ಗುಡ್ಡದ ಕಡೆ ತಿರುಗಿದಾಗ ಅಲ್ಲಿಯೂ ಜನ. ರಸ್ತೆಗೆ ಬಂದಾಗ ಟ್ರ್ಯಾಕ್ಟರಿನ ಮೇಲೆ ನಿಂತವರ ಸಿಳ್ಳೆ. ಸಾರಿಕಾ ಲಾಠಿ ಬೀಸುತ್ತ, ಕೂಗುತ್ತ ಓಡಿದಳು. ಹುಡುಗರು ಮೊಬೈಲು ಎತ್ತಿ ಹಿಡಿದು, ನಗುತ್ತ, ಅವಳ ಪಕ್ಕದಿಂದಲೇ ಹಾದು ಹೋದರು.

ಊರ ಪಕ್ಕದ ತಾಮ್ರಪರ್ಣಿ ಹೊಳೆಯ ದಂಡೆಯಲ್ಲಿ ಕೋಣದ ಮುಂಗಾಲುಗಳು ಮಡಚಿಕೊಂಡವು. ಏಳಲು ನೋಡಿತು, ಆಗಲಿಲ್ಲ. ಬಾಯಿಂದ ನೊರೆ ಸುರಿಯುತ್ತಿತ್ತು. ಸಾರಿಕಾ ಕೊರಳಿಗೆ ಸುತ್ತಿದ್ದ ಓಢಣಿಯನ್ನು ಹೊಳೆಯಲ್ಲಿ ಅದ್ದಿ ತಂದು ಅದರ ಮುಖದ ಮೇಲೆ ಹಿಂಡಿದಳು, ಮತ್ತೆ ಅದ್ದಿ ತಂದಳು. ಪಕ್ಕೆಗಳು ಒಮ್ಮೆ ಜೋರಾಗಿ ಏರಿ, ಇಳಿದು, ನಿಂತವು. ಸುತ್ತ ನಿಂತವರ ಗದ್ದಲವೂ ನಿಂತಿತು.

"ಖರೇನ ಸತ್ತೈತೇನ್ರಿ?" ಅಮೋಲ ಮೆಲ್ಲಗೆ ಕೇಳಿದ. "ಮೈಮ್ಯಾಲ ಒಂದ ಗಾಯಾ ಇಲ್ಲಲ್ರಿ."

ಸಾರಿಕಾ ಕೋಣದ ಕೊರಳ ಮೇಲೆ ಇಟ್ಟಿದ್ದ ಕೈಯನ್ನು ತೆಗೆಯಲಿಲ್ಲ. ತಂಡದ ಗಾಡಿ ಬಂದು ಡಾಕ್ಟರು ಅವಳ ಭುಜ ಹಿಡಿದು ಎಬ್ಬಿಸಬೇಕಾಯಿತು.

ಮುಂದಿನ ವಾರ ಅಮೋಲನೇ ಫೋನು ಮಾಡಿದ. ಮಂಡಳದಿಂದ ಗವಾಕ್ಕೆ ಶ್ರದ್ಧಾಂಜಲಿ ಇಟ್ಟುಕೊಂಡಿದ್ದೇವೆ, ನೀವೇ ಹಾರ ಹಾಕಬೇಕು ಎಂದ. ಅವಳಿಗೆ ಬೇಡವೆನ್ನುವ ಶಕ್ತಿಯೂ ಇರಲಿಲ್ಲ. ಹೋದಳು. ಗ್ರಾಮಪಂಚಾಯಿತಿಯ ಮುಂದೆ ದೊಡ್ಡ ಫ್ಲೆಕ್ಸು. ಮೇಲೆ ಮರಾಠಿಯಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ ಕೈಮುಗಿದು ನಿಂತ ಮಂಡಳದ ಹುಡುಗರು. ನಡುವೆ, ಹಿಮದ ಬಯಲಲ್ಲಿ ನಿಂತ ಒಂದು ಪ್ರಾಣಿ: ತಲೆಯಿಂದ ಭುಜದವರೆಗೆ ದಟ್ಟ ಕಂದು ಕೂದಲು, ಗದ್ದದ ಕೆಳಗೆ ಗಡ್ಡ.

ಸಾರಿಕಾ ಹಾರ ಹಿಡಿದುಕೊಂಡೇ ನಿಂತಳು.

"ಇದು ನಮ್ಮ ಗವಾ ಅಲ್ಲೋ ಅಮೋಲ. ಅಮೇರಿಕಾದ ಬೈಸನ್."

"ಮೊಬೈಲ್‌ದಾಗ ಗವಾದ ಇಂಗ್ಲೀಷ್ ಹೆಸರು ಬೈಸನ್ ಅಂತ ಹುಡುಕಿದ್ರ ಇದಾ ಬಂತ್ರಿ."

"ಅಲ್ಲಿ ಮಂದಿನೂ ಒಂದ ಕಾಲಕ್ಕ ಇವನ್ನ ಹಿಂಗಾ ಬೆನ್ನ ಹತ್ತಿ ಕೊಂದಾರ. ಬಯಲ ತುಂಬ ಇದ್ದೂವು, ಬೆರಳಿನ್ಯಾಗ ಎಣಸೂ ಹಂಗ ಆದ್ವು. ಆಮ್ಯಾಲೆ ಬುದ್ಧಿ ಬಂದು, ಉಳದದ್ದನ್ನ ಕೂಸಿನಂಗ ಕಾದು ಬೆಳಸ್ಯಾರ."

"ಈಗ ಅದಾವೇನ್ರಿ?"

"ಅದಾವ." ಅವಳು ಹಾರ ಕೆಳಗಿಳಿಸಿದಳು. "ಅವತ್ತ ಅಷ್ಟ ಮಂದಿ ಫೋಟೋ ತಗ್ಯಾಕತ್ತಿದ್ರಿ. ನಮ್ಮದರದು ಒಂದರ ಸಿಗಲಿಲ್ಲೇನು?"

ಅಮೋಲ ಫ್ಲೆಕ್ಸಿನ ಕಡೆ ನೋಡಲಿಲ್ಲ, ಅವಳ ಕಡೆಯೂ ನೋಡಲಿಲ್ಲ.

"ಎಲ್ಲಾರ ಮೊಬೈಲೂ ನೋಡಿದ್ನಿರಿ ಮ್ಯಾಡಂ. ಎಲ್ಲಾದರಾಗೂ ಓಡಾಕತ್ತೈತಿ, ಬೆನ್ನ ಅಷ್ಟ ಕಾಣತೈತಿ. ಒಂದರಾಗೂ ಮುಖಾ ಇಲ್ರಿ."