ಪಂಪಾಪತಿಯ ಕಿವಿ

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಯಾಟರಿ ಕಾರಿನ ಮೋಟಾರಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿದ ಮೆಕ್ಯಾನಿಕ್ ಪಂಪಾಪತಿಗೆ ಸಣ್ಣ ಗುಂಯ್ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಜಾಕಿನ ಮೇಲೆ ಚಕ್ರಗಳು ಸುಮ್ಮನೆ ತಿರುಗುತ್ತಿದ್ದವು. ಮೂವತ್ತು ವರ್ಷ ಹೀಗೇ ಕಿವಿಗೊಟ್ಟು ಡೀಸೆಲ್ ಇಂಜಿನ್ನುಗಳ ಆಯಸ್ಸು ಹೇಳಿದವನು ಅವನು. ಯಲಬುರ್ಗಾದಲ್ಲಿ ಅವನನ್ನು ಕೇಳದೆ ಯಾರೂ ಹಳೆಯ ಗಾಡಿ ಕೊಳ್ಳುತ್ತಿರಲಿಲ್ಲ.

“ಹತ್ತು ವರ್ಷ ಬಾಳಿಕಿ ಬರ್ತೈತೇನ್ರಿ ಕಾಕಾ?” ನರ್ಸ್ ಗೀತಾ ಕೇಳಿದಳು. ಹೆರಿಗೆಯ ಕರೆ ಬಂದರೆ ಹೊತ್ತು ನೋಡದೆ ತಳಕಲ್ಲು ಹಳ್ಳಿಗೆ ಓಡುವವಳು. ತನ್ನ ಡೀಸೆಲ್ ಕಾರು ಕೊಟ್ಟು ಬದಲಿಗೆ ಈ ಹಳೆಯ ಬ್ಯಾಟರಿ ಕಾರನ್ನು ಒಯ್ಯಲು ಬಂದಿದ್ದಳು. ಅವಳ ಡೀಸೆಲ್ ಕಾರಿನ ಕೀಲಿ ಆಗಲೇ, ಬ್ಯಾಟರಿ ಕಾರು ಮಾರಲು ತಂದಿದ್ದ ಪ್ರವೀಣಕುಮಾರನ ಬೆರಳಲ್ಲಿ ಗಿರಗಿರ ತಿರುಗುತ್ತಿತ್ತು.

“ಇಂಜಿನ್ನೇ ಇಲ್ಲದ ಗಾಡಿ, ಕೆಡಾಕ ಏನೈತಿ ಅದರಾಗ? ಹೇಳಿಬಿಡ್ರಿ ಕಾಕಾ. ಇಲ್ಲಾ, ಕಿವಿ ಮಂದ ಆಗ್ಯಾವೇನು?” ಎಂದು ಪ್ರವೀಣಕುಮಾರ ನಕ್ಕ.

ಪಂಪಾಪತಿಯ ಮೈ ಉರಿಯಿತು. ‘ಎರಡು ವರ್ಷಕ್ಕ ಗುಜರಿಗೆ ಹೋಗ್ತೈತಿ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಂದಿದ್ದರೆ ಗೀತಾ ನಂಬುತ್ತಿದ್ದಳು. ಹತ್ತು ವರ್ಷ ಅಂದಿದ್ದರೂ ನಂಬುತ್ತಿದ್ದಳು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

“ನಿನ್ನ ಡೀಸೆಲ್ ಗಾಡಿ ಇನ್ನ ನಾಕು ವರ್ಷ ಓಡ್ತೈತಿ, ಅದು ನನ್ನ ಕಿವಿಗೆ ಕೇಳಿಸೈತಿ. ಇದರ ಆಯುಷ್ಯ ಬ್ಯಾಟರಿಯೊಳಗ ಐತವ್ವ. ಅದು ನನಗ ತಿಳಿಯಂಗಿಲ್ಲ.”

ಶೆಡ್ಡಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದರು. ಆ ಬಾಯಿಂದ ಅಂಥ ಮಾತನ್ನು ಅವರು ಎಂದೂ ಕೇಳಿರಲಿಲ್ಲ.

ಗೀತಾ ಪ್ರವೀಣಕುಮಾರನ ಮುಂದೆ ಕೈ ಚಾಚಿದಳು. “ಬ್ಯಾಟರಿ ಟೆಸ್ಟ್ ಮಾಡಿಸಿದ ಕಾಗದ ತಗೊಂಡ ಬರ್ರಿ. ಅಲ್ಲೀತನಕ ನನ್ನ ಕೀಲಿ ಕೊಡ್ರಿ.”

ಬೆರಳಲ್ಲಿ ತಿರುಗುತ್ತಿದ್ದ ಕೀಲಿ ನಿಂತಿತು.